ಶಿಲೀಂಧ್ರದ ಎಳೆ ತುದಿಯಲ್ಲೇ ಬೆಳೆಯುವುದೇಕೆ? ಬೆಂಕಿ ರೋಗದ ಹತೋಟಿಗೆ ಇದರಿಂದ ಏನು ಪ್ರಯೋಜನ?

(ರೈತರ ತರಬೇತಿ ಶಿಬಿರದ ಉಪನ್ಯಾಸ)

ಭತ್ತಕ್ಕೆ ಬೆಂಕಿ ರೋಗ ಬಿದ್ದಾಗ ಅಕ್ಕಪಕ್ಕದ ಗದ್ದೆಯ ಇಬ್ಬರು ರೈತರು ಒಂದೇ ಅಂಗಡಿಯಿಂದ ಒಂದೇ ಔಷಧಿ ತಂದು, ಒಂದೇ ಪ್ರಮಾಣದಲ್ಲಿ ಬೆರೆಸಿ ಸಿಂಪಡಿಸುವುದುಂಟು. ಒಬ್ಬನ ಗದ್ದೆ ಉಳಿಯುತ್ತದೆ. ಇನ್ನೊಬ್ಬನ ಗದ್ದೆ ಬೆಂಕಿ ತಗುಲಿದಂತೆ ಒಣಗುತ್ತದೆ. ನಷ್ಟ ಅನುಭವಿಸಿದವನು ಔಷಧಿಯೇ ಸರಿಯಿಲ್ಲ ಎನ್ನುತ್ತಾನೆ. ಎಲ್ಲೋ ಒಮ್ಮೆ ಅದು ನಿಜವೂ ಇರಬಹುದು. ಆದರೆ ಬಹಳ ಸಲ ವ್ಯತ್ಯಾಸ ಇರುವುದು ಔಷಧಿಯಲ್ಲಿ ಅಲ್ಲ, ವೇಳೆಯಲ್ಲಿ. ಒಬ್ಬನು ರೋಗಾಣು ಎಲೆಯ ಹೊರಗಿರುವಾಗ ಸಿಂಪಡಿಸಿದ್ದಾನೆ, ಇನ್ನೊಬ್ಬನು ಅದು ಒಳಗೆ ಹೊಕ್ಕ ಮೇಲೆ ಸಿಂಪಡಿಸಿದ್ದಾನೆ.

ಹೊರಗಿರುವ ರೋಗಾಣುವಿಗೂ ಒಳಗೆ ಹೊಕ್ಕ ರೋಗಾಣುವಿಗೂ ಇರುವ ವ್ಯತ್ಯಾಸ ತಿಳಿಯಬೇಕಾದರೆ ಶಿಲೀಂಧ್ರ ಹೇಗೆ ಬೆಳೆಯುತ್ತದೆ ಎಂಬುದನ್ನು ತಿಳಿಯಬೇಕು. ಇದು ಪ್ರಯೋಗಶಾಲೆಯ ವಿಷಯ, ಹೊಲಕ್ಕೆ ಸಂಬಂಧವಿಲ್ಲ ಎಂದು ಭಾವಿಸಬೇಕಾಗಿಲ್ಲ. ಶತ್ರುವಿನ ನಡೆ ಗೊತ್ತಿದ್ದವನಿಗೆ ಅವನನ್ನು ತಡೆಯುವ ಜಾಗವೂ ಗೊತ್ತಾಗುತ್ತದೆ.

ಎಳೆಯೇ ಶಿಲೀಂಧ್ರದ ದೇಹ

ಹಳಸಿದ ರೊಟ್ಟಿಯ ಮೇಲೆ, ತೇವಕ್ಕೆ ಸಿಕ್ಕ ಕಡಲೆಕಾಯಿಯ ಮೇಲೆ ಬೂಷ್ಟು ಬಂದದ್ದನ್ನು ಎಲ್ಲರೂ ನೋಡಿದ್ದಾರೆ. ಹತ್ತಿಯಂತೆ ಕಾಣುವ ಆ ಬೂಷ್ಟು ಸಾವಿರಾರು ಸೂಕ್ಷ್ಮ ಎಳೆಗಳ ಗೋಜಲು. ಒಂದೊಂದು ಎಳೆಯ ದಪ್ಪ ಸಾಮಾನ್ಯವಾಗಿ 2ರಿಂದ 10 ಮೈಕ್ರಾನ್. ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್. ತಲೆಗೂದಲು ಇದಕ್ಕಿಂತ ಹಲವು ಪಟ್ಟು ದಪ್ಪ. ಎಳೆಯ ಸುತ್ತ ಕೈಟಿನ್ ಮತ್ತು ಗ್ಲೂಕಾನ್ ಎಂಬ ವಸ್ತುಗಳಿಂದಾದ ಗಟ್ಟಿ ಗೋಡೆ ಇರುತ್ತದೆ. ಸೀಗಡಿಯ ಚಿಪ್ಪಿನಲ್ಲಿ, ಜೀರುಂಡೆಯ ಹೊದಿಕೆಯಲ್ಲಿ ಇರುವುದೂ ಇದೇ ಕೈಟಿನ್.

ಶಿಲೀಂಧ್ರಕ್ಕೆ ಬಾಯಿಲ್ಲ, ಹೊಟ್ಟೆಯಿಲ್ಲ. ಎಳೆಯಿಂದ ಕಿಣ್ವಗಳನ್ನು ಹೊರಕ್ಕೆ ಸುರಿಸಿ, ಆಹಾರವನ್ನು ಹೊರಗೇ ಕರಗಿಸಿಕೊಂಡು ಹೀರುತ್ತದೆ. ಒಂದು ಕಡೆಯ ಆಹಾರ ಮುಗಿದರೆ ಇನ್ನೊಂದು ಕಡೆಗೆ ಹೋಗಲು ಅದಕ್ಕೆ ಕಾಲೂ ಇಲ್ಲ. ಬೆಳೆಯುವುದೇ ಅದರ ನಡಿಗೆ. ಆದ್ದರಿಂದ ಎಳೆಯು ಎಲ್ಲ ಕಡೆಗೂ ಉಬ್ಬದೆ ಒಂದೇ ದಿಕ್ಕಿಗೆ ಮುಂದುವರಿಯುತ್ತದೆ. ಅದು ಬೆಳೆಯುವುದು ತುದಿಯಲ್ಲಿ ಮಾತ್ರ. ತಲೆಗೂದಲು ಬುಡದಿಂದ ಬೆಳೆದು ತುದಿಯನ್ನು ಮುಂದಕ್ಕೆ ತಳ್ಳುತ್ತದೆ. ಶಿಲೀಂಧ್ರದ ಎಳೆಯಲ್ಲಿ ಬುಡ ಇದ್ದಲ್ಲೇ ಇರುತ್ತದೆ, ತುದಿಯೇ ಮುಂದೆ ಹೋಗುತ್ತದೆ. ಇದನ್ನು ವಿಜ್ಞಾನಿಗಳು ಧ್ರುವೀಕೃತ ಬೆಳವಣಿಗೆ ಎನ್ನುತ್ತಾರೆ.

ತುದಿಯಲ್ಲಿ ನಡೆಯುವ ಗಾರೆ ಕೆಲಸ

ಎಳೆಯ ಒಳಗೆ ನೀರಿನ ಒತ್ತಡ ಯಾವಾಗಲೂ ಇರುತ್ತದೆ. ಬಲಿತ ಗೋಡೆ ಅದಕ್ಕೆ ಜಗ್ಗುವುದಿಲ್ಲ. ತುದಿಯ ಗೋಡೆ ಮಾತ್ರ ಹಸಿ ಗಾರೆಯಂತೆ ಮೆತ್ತಗಿದ್ದು ಮುಂದಕ್ಕೆ ಚಾಚಿಕೊಳ್ಳುತ್ತದೆ. ಚಾಚಿಕೊಂಡ ಭಾಗದಲ್ಲಿ ಹೊಸ ಸಾಮಗ್ರಿ ಬಂದು ಸೇರದಿದ್ದರೆ ತುದಿ ಒಡೆದು ಹೋಗುತ್ತದೆ. ಸಾಮಗ್ರಿ ಬಂದು ಸೇರಿದ ಮೇಲೆ ಹಿಂದಿನ ಭಾಗ ಬಲಿಯುತ್ತದೆ. ಮುಂದೆ ಮೆತ್ತಗೆ, ಹಿಂದೆ ಗಟ್ಟಿ; ಈ ಸ್ಥಿತಿ ಕೆಡದಂತೆ ನೋಡಿಕೊಂಡೇ ಎಳೆ ಬೆಳೆಯಬೇಕು.

ಗೋಡೆ ಕಟ್ಟುವ ಸಾಮಗ್ರಿ ತಯಾರಾಗುವುದು ತುದಿಯಲ್ಲಲ್ಲ, ಹಿಂದೆ. ಅದು ಅತಿ ಸಣ್ಣ ಚೀಲಗಳಲ್ಲಿ ತುಂಬಿ ಮುಂದಕ್ಕೆ ಸಾಗುತ್ತದೆ. ಕೆಲವು ಚೀಲಗಳಲ್ಲಿ ಕೈಟಿನ್ ನೇಯುವ ಕಿಣ್ವ, ಇನ್ನು ಕೆಲವುಗಳಲ್ಲಿ ಗ್ಲೂಕಾನ್ ತಯಾರಿಸುವ ಕಿಣ್ವ, ಮತ್ತೆ ಕೆಲವುಗಳಲ್ಲಿ ಆಹಾರ ಕರಗಿಸುವ ಕಿಣ್ವ ಇರುತ್ತದೆ. ಎಳೆಯ ಉದ್ದಕ್ಕೂ ಸೂಕ್ಷ್ಮನಾಳಗಳೆಂಬ ಹೆದ್ದಾರಿಗಳಿವೆ. ಕೈನೆಸಿನ್ ಎಂಬ ಸಸಾರಜನಕ ವಸ್ತುವು ಚೀಲಗಳನ್ನು ಹೊತ್ತು ಈ ಹೆದ್ದಾರಿಯ ಮೇಲೆ ದೂರದಿಂದ ತರುತ್ತದೆ. ತುದಿಯ ಬಳಿ ಹೆದ್ದಾರಿ ಮುಗಿದು ಆಕ್ಟಿನ್ ಎಂಬ ಕಾಲುದಾರಿ ಶುರುವಾಗುತ್ತದೆ. ಅಲ್ಲಿಂದ ಮುಂದೆ ಮಯೋಸಿನ್ ಎಂಬ ಇನ್ನೊಬ್ಬ ಕೂಲಿಯಾಳು ಹೊರೆ ಹೊರುತ್ತಾನೆ. ಲಾರಿಯಲ್ಲಿ ಊರ ಬಾಗಿಲಿಗೆ ಬಂದ ಇಟ್ಟಿಗೆಯನ್ನು ತಲೆಹೊರೆಯಲ್ಲಿ ಗಾರೆಯವನ ಕೈಗೆ ಮುಟ್ಟಿಸಿದ ಹಾಗೆ.

ಈ ಕೆಲಸದ ವೇಗ ಬೆರಗು ಹುಟ್ಟಿಸುವಂಥದು. ನ್ಯೂರೋಸ್ಪೋರ ಎಂಬ ಬೂಷ್ಟಿನ ಒಂದು ಎಳೆಯ ತುದಿಯಲ್ಲಿ ನಿಮಿಷಕ್ಕೆ ಸುಮಾರು 38,000 ಚೀಲಗಳು ಬಂದು ಸೇರಬೇಕಾಗುತ್ತದೆ ಎಂದು 1974ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ಒಳ್ಳೆಯ ಆಹಾರ, ತಕ್ಕ ಉಷ್ಣತೆ ಇದ್ದರೆ ಈ ಬೂಷ್ಟು ಗಂಟೆಗೆ 3ರಿಂದ 4 ಮಿಲಿಮೀಟರ್ ಮುಂದುವರಿಯುತ್ತದೆ.

1924ರಲ್ಲಿ ಬ್ರೂನ್ಸ್‌ವಿಕ್ ಎಂಬ ವಿಜ್ಞಾನಿ ಅಣಬೆ ಜಾತಿಯ ಶಿಲೀಂಧ್ರವೊಂದರ ಎಳೆಗೆ ಬಣ್ಣ ಕೊಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ತುದಿಯಲ್ಲಿ ಒಂದು ಕಪ್ಪು ಚುಕ್ಕೆ ಕಂಡಿತು. ಅದಕ್ಕೆ ಜರ್ಮನ್ ಭಾಷೆಯಲ್ಲಿ 'ಶ್ಪಿಟ್ಸೆನ್‌ಕ್ಯೋರ್ಪರ್' ಎಂದು ಹೆಸರಿಟ್ಟರು. ತುದಿಯ ಕಾಯ ಎಂದು ಅದರ ಅರ್ಥ. 1957ರಲ್ಲಿ ಗಿರ್‌ಬಾರ್ಟ್ ಎಂಬವರು ಜೀವಂತ ಎಳೆಯಲ್ಲಿಯೇ ಅದನ್ನು ಗಮನಿಸಿದರು. ಎಳೆ ಬೆಳೆಯುವಷ್ಟು ಹೊತ್ತು ಚುಕ್ಕೆ ಇರುತ್ತಿತ್ತು, ಬೆಳವಣಿಗೆ ನಿಂತರೆ ಮಾಯವಾಗುತ್ತಿತ್ತು. ಚುಕ್ಕೆ ಎಡಕ್ಕೆ ಸರಿದರೆ ಎಳೆಯೂ ಎಡಕ್ಕೆ ತಿರುಗುತ್ತಿತ್ತು.

ಈ ಚುಕ್ಕೆ ಮುಖ್ಯವಾಗಿ ಮೇಲೆ ಹೇಳಿದ ಚೀಲಗಳ ದಾಸ್ತಾನು. ದೂರದಿಂದ ಬಂದ ಚೀಲಗಳು ಇಲ್ಲಿ ಸೇರಿ, ಇಲ್ಲಿಂದ ತುದಿಯ ಗೋಡೆಗೆ ಹಂಚಿಕೆಯಾಗುತ್ತವೆ. ದಾಸ್ತಾನು ನಿಂತಲ್ಲೇ ನಿಂತರೆ ಸಾಮಗ್ರಿ ಸುತ್ತಲೂ ಸಮನಾಗಿ ಹರಡಿ ತುದಿ ಗುಂಡಗೆ ಉಬ್ಬುತ್ತದೆ. ದಾಸ್ತಾನು ಮುಂದೆ ಮುಂದೆ ಸಾಗುತ್ತಿದ್ದರೆ ಎಳೆ ನೀಳವಾಗುತ್ತದೆ. 1989ರಲ್ಲಿ ಬಾರ್ಟ್‌ನಿಕಿ-ಗಾರ್ಸಿಯ ಮತ್ತು ಸಂಗಡಿಗರು ಗಣಕಯಂತ್ರದಲ್ಲಿ ಲೆಕ್ಕ ಹಾಕಿ ಇದನ್ನು ತೋರಿಸಿದರು. 1997ರಲ್ಲಿ ಲೇಸರ್ ಕಿರಣದಿಂದ ಆ ಚುಕ್ಕೆಯನ್ನೇ ಪಕ್ಕಕ್ಕೆ ಸರಿಸಿ ನೋಡಿದಾಗ ಬೆಳವಣಿಗೆಯ ದಿಕ್ಕೂ ಬದಲಾಯಿತು. ನೀಳವಾಗುವುದು ಮತ್ತು ಉಬ್ಬುವುದು ಎಂಬ ಈ ಎರಡು ಮಾತು ನೆನಪಿನಲ್ಲಿರಲಿ. ಬೆಂಕಿ ರೋಗದ ಗುಟ್ಟು ಇಲ್ಲಿಯೇ ಇದೆ.

ದಿಕ್ಕು ತೋರಿಸುವವರು ಯಾರು?

ತುದಿ ಯಾವುದು ಎಂದು ಜೀವಕೋಶಕ್ಕೆ ತಿಳಿಯುವುದು ಹೇಗೆ ಎಂಬುದು ಮುಂದಿನ ಪ್ರಶ್ನೆ. ಇದಕ್ಕೆ ಸಿ.ಡಿ.ಸಿ. 42 ಮತ್ತು ರ‍್ಯಾಕ್ ಎಂಬ ಸಣ್ಣ ಸಸಾರಜನಕ ವಸ್ತುಗಳು ವಿದ್ಯುತ್ ಗುಂಡಿಯಂತೆ ಕೆಲಸ ಮಾಡುತ್ತವೆ. ಇವು ಎಲ್ಲಿ ಚಾಲೂ ಆಗುತ್ತವೆಯೋ ಅಲ್ಲಿ ಆಕ್ಟಿನ್ ದಾರಿ ನಿರ್ಮಾಣವಾಗಿ ಚೀಲಗಳು ಆ ಕಡೆಗೆ ಹೊರಡುತ್ತವೆ.

ಜೊತೆಗೆ ತುದಿಗೆ ಗುರುತಿನ ಕಲ್ಲುಗಳೂ ಉಂಟು. ಆಸ್ಪರ್ಜಿಲಸ್ ನಿಡುಲನ್ಸ್ ಎಂಬ ಬೂಷ್ಟಿನಲ್ಲಿ ಟೀ-ಎ ಮತ್ತು ಟೀ-ಆರ್ ಎಂಬ ಎರಡು ಗುರುತುಗಳ ಕೆಲಸವನ್ನು ಜರ್ಮನಿಯ ಕಾರ್ಲ್ಸ್‌ರೂಹೆಯ ವಿಜ್ಞಾನಿಗಳು 2008ರಲ್ಲಿ ವಿವರಿಸಿದರು. ಸೂಕ್ಷ್ಮನಾಳವು ಟೀ-ಎ ಗುರುತನ್ನು ಹೊತ್ತು ತಂದು ತುದಿಗೆ ಒಪ್ಪಿಸುತ್ತದೆ. ಟೀ-ಆರ್ ಅದನ್ನು ಅಲ್ಲಿ ಹಿಡಿದುಕೊಳ್ಳುತ್ತದೆ. ಈ ಗುರುತು ಇಲ್ಲದ ಎಳೆ ಬೆಳೆಯುತ್ತದೆ, ಆದರೆ ನೇರವಾಗಿ ಅಲ್ಲ. ಗೂಟ ನೆಡದೆ ಹೊಡೆದ ನೇಗಿಲ ಸಾಲಿನಂತೆ ಅತ್ತಿತ್ತ ವಾಲುತ್ತ ಹೋಗುತ್ತದೆ. ಬೆಳವಣಿಗೆ ಒಂದೇ ಸಮನೆ ನಡೆಯದೆ ಸಣ್ಣ ಸಣ್ಣ ತಳ್ಳುಗಳಲ್ಲಿ ನಡೆಯುತ್ತದೆ, ಪ್ರತಿ ತಳ್ಳಿಗೂ ಸುಣ್ಣದ ಅಂಶವಾದ ಕ್ಯಾಲ್ಸಿಯಂ ಒಳಬರುವುದು ಸೂಚನೆ ಕೊಡುತ್ತದೆ ಎಂಬುದು 2017ರಲ್ಲಿ ತಿಳಿದುಬಂತು.

ಹೊರಗಿನ ಸ್ಪರ್ಶವೂ ತುದಿಗೆ ದಾರಿ ತೋರಿಸುತ್ತದೆ. ಹುರುಳಿಕಾಯಿಯ ತುಕ್ಕು ರೋಗದ ಶಿಲೀಂಧ್ರ ಎಲೆಯ ಪತ್ರರಂಧ್ರದ ಮೂಲಕವೇ ಒಳಹೋಗಬೇಕು. ಕಣ್ಣಿಲ್ಲದ ಎಳೆ ಆ ರಂಧ್ರವನ್ನು ಹುಡುಕುವುದು ಹೇಗೆ? ಅಮೆರಿಕದ ಹಾಕ್ ಮತ್ತು ಸಂಗಡಿಗರು 1987ರಲ್ಲಿ ಪ್ಲಾಸ್ಟಿಕ್ಕಿನ ಮೇಲೆ ಬೇರೆ ಬೇರೆ ಎತ್ತರದ ಏಣುಗಳನ್ನು ಮಾಡಿ ಅದರ ಮೇಲೆ ಎಳೆಯನ್ನು ಬೆಳೆಸಿದರು. ಸುಮಾರು ಅರ್ಧ ಮೈಕ್ರಾನ್ ಎತ್ತರದ ಏಣು ಸಿಕ್ಕ ಕೂಡಲೇ ಎಳೆ ಮುಂದೆ ಹೋಗುವುದನ್ನು ನಿಲ್ಲಿಸಿ, ಒಳಹೊಗುವ ತಯಾರಿಗೆ ತೊಡಗಿತು. ಪತ್ರರಂಧ್ರದ ತುಟಿಯ ಎತ್ತರವೂ ಅಷ್ಟೇ! ಪ್ಲಾಸ್ಟಿಕ್ಕಿನಲ್ಲಿ ರಂಧ್ರವೂ ಇರಲಿಲ್ಲ, ಎಲೆಯ ರಸವೂ ಇರಲಿಲ್ಲ. ಬರಿಯ ತಡವರಿಕೆಯಿಂದ ಶಿಲೀಂಧ್ರ ಬಾಗಿಲನ್ನು ಗುರುತಿಸುತ್ತದೆ.

ಎಳೆ ಕತ್ತರಿಸಿದರೆ ಸಾಯುವುದೇ? ಇಲ್ಲ. ಬಹುಪಾಲು ಶಿಲೀಂಧ್ರಗಳ ಎಳೆಯಲ್ಲಿ ಅಲ್ಲಲ್ಲಿ ಅಡ್ಡಗೋಡೆಗಳಿದ್ದು ನಡುವೆ ಸಣ್ಣ ತೂತು ಇರುತ್ತದೆ. ಅನೇಕ ಜಾತಿಗಳಲ್ಲಿ ಎಳೆ ಹರಿದ ಕೂಡಲೇ ವೊರೋನಿನ್ ಕಾಯ ಎಂಬ ಬಿರಡೆ ಬಂದು ಆ ತೂತನ್ನು ಮುಚ್ಚುತ್ತದೆ. ತೂಬು ಮುಚ್ಚಿ ಕೆರೆಯ ನೀರು ನಿಲ್ಲಿಸಿದ ಹಾಗೆ ಒಳಗಿನ ರಸ ಉಳಿಯುತ್ತದೆ. ಆಮೇಲೆ ಹಿಂದಿನಿಂದ ಹೊಸ ತುದಿ ಮೂಡುತ್ತದೆ. ಮಣ್ಣಿನಿಂದ ಬರುವ ಶಿಲೀಂಧ್ರ ರೋಗಗಳು ಉಳುಮೆಯೊಂದರಿಂದಲೇ ಹೋಗದಿರುವುದಕ್ಕೆ ಇದೂ ಒಂದು ಕಾರಣ.

ಭತ್ತದ ಎಲೆಯ ಮೇಲೆ ಒಂದು ರಾತ್ರಿ

ಈಗ ಬೆಂಕಿ ರೋಗಕ್ಕೆ ಬರೋಣ. ಇದರ ಶಿಲೀಂಧ್ರಕ್ಕೆ ಮ್ಯಾಗ್ನಪೋರ್ತೆ ಒರೈಜೆ ಎಂದು ಹೆಸರು. ಇದರ ಬೀಜಾಣು ಮೂರು ಕೋಣೆಗಳ ಪುಟ್ಟ ಹನಿಯಂತಿರುತ್ತದೆ. ಗಾಳಿಯಲ್ಲಿ ತೇಲಿ ಬಂದು ಎಲೆಯ ಮೇಲೆ ಬಿದ್ದ ಬೀಜಾಣು ಇಬ್ಬನಿ ತಾಗಿದ ಕೂಡಲೇ ತನ್ನ ತುದಿಯಿಂದ ಅಂಟು ಸುರಿಸಿ ಎಲೆಗೆ ಕಚ್ಚಿಕೊಳ್ಳುತ್ತದೆ. ಮಳೆ ಬಂದರೂ ಸುಲಭವಾಗಿ ಜಾರುವುದಿಲ್ಲ.

ಸುಮಾರು 2 ಗಂಟೆಯಲ್ಲಿ ಅದು ಮೊಳೆತು ಸಣ್ಣ ಎಳೆ ಹೊರಡುತ್ತದೆ. ಇಲ್ಲಿಯವರೆಗೆ ನೀಳ ಬೆಳವಣಿಗೆ. ಎಲೆಯ ಮೇಲ್ಮೈ ಗಟ್ಟಿಯಾಗಿದೆ, ಮೇಣದಿಂದ ಕೂಡಿದೆ ಎಂದು ತಿಳಿದ ಮೇಲೆ ಎಳೆಯ ತುದಿ ಕೊಕ್ಕೆಯಂತೆ ಬಾಗಿ, ಮುಂದೆ ಹೋಗುವುದನ್ನು ನಿಲ್ಲಿಸಿ, ಗುಂಡಗೆ ಉಬ್ಬುತ್ತದೆ. ಹೀಗೆ ಉಂಟಾದ ಗುಮ್ಮಟದಂಥ ಕೋಶಕ್ಕೆ ಅಪ್ರೆಸೋರಿಯಂ ಎಂದು ಹೆಸರು. ಒತ್ತುಬಿಲ್ಲೆ ಎಂದು ಕರೆಯಬಹುದು. ಬೀಜಾಣುವಿನಲ್ಲಿದ್ದ ಸಾರವೆಲ್ಲ ಈ ಒತ್ತುಬಿಲ್ಲೆಗೆ ಬಂದು ಸೇರಿ, ಬೀಜಾಣು ಬರಿದಾಗಿ ಸಾಯುತ್ತದೆ. ಮನೆಯ ಸಾಮಾನೆಲ್ಲ ಮಾರಿ ಒಂದೇ ವ್ಯಾಪಾರಕ್ಕೆ ಹಾಕಿದಂತೆ, ಶಿಲೀಂಧ್ರ ತನ್ನ ಬಂಡವಾಳವನ್ನೆಲ್ಲ ಈ ಬಿಲ್ಲೆಯ ಮೇಲೆ ಹೂಡುತ್ತದೆ.

ಒತ್ತುಬಿಲ್ಲೆಯ ಗೋಡೆಗೆ ಮೆಲನಿನ್ ಎಂಬ ಕಪ್ಪು ವಸ್ತುವಿನ ಲೇಪ ಬೀಳುತ್ತದೆ. ಒಳಗೆ ಗ್ಲಿಸರಾಲ್ ತುಂಬುತ್ತದೆ. ಮೆಲನಿನ್ ಲೇಪ ನೀರನ್ನು ಒಳಬಿಡುತ್ತದೆ, ಗ್ಲಿಸರಾಲ್ ಹೊರಹೋಗಲು ಬಿಡುವುದಿಲ್ಲ. ನೀರು ಒಳನುಗ್ಗಿ ಒತ್ತಡ ಏರುತ್ತ ಹೋಗುತ್ತದೆ. 1991ರಲ್ಲಿ ಹೊವರ್ಡ್ ಮತ್ತು ಸಂಗಡಿಗರು ಅಳೆದು ನೋಡಿದಾಗ ಈ ಒತ್ತಡ ವಾತಾವರಣದ ಒತ್ತಡದ ಸುಮಾರು 80 ಪಟ್ಟು ಇತ್ತು. ಕಾರಿನ ಚಕ್ರದಲ್ಲಿ ತುಂಬುವ ಗಾಳಿಯ ಒತ್ತಡದ ಸುಮಾರು 40 ಪಟ್ಟು ಎಂದರೆ ಅಂದಾಜು ಸಿಗಬಹುದು. ಎಲೆ ಹಾಗಿರಲಿ, ಗಟ್ಟಿ ಪ್ಲಾಸ್ಟಿಕ್ ಹಾಳೆಯನ್ನೂ ಅದು ತೂರಿತು.

ಬರಿಯ ಒತ್ತಡ ಇದ್ದರೆ ಸಾಲದು. ಅದನ್ನು ಒಂದು ಕಡೆಗೆ ತಿರುಗಿಸಬೇಕು. ಒತ್ತುಬಿಲ್ಲೆಯ ತಳದಲ್ಲಿ ಒಂದು ಸಣ್ಣ ಭಾಗಕ್ಕೆ ಗೋಡೆ ಇರುವುದಿಲ್ಲ. ಅದರ ಸುತ್ತ ಸೆಪ್ಟಿನ್ ಎಂಬ ಸಸಾರಜನಕದ ಬಳೆ ಕಟ್ಟಿಕೊಂಡು, ಆಕ್ಟಿನ್ ದಾರಿಗಳನ್ನು ಅಲ್ಲಿಗೆ ಕೂಡಿಸುತ್ತದೆ. ಇದನ್ನು ಇಂಗ್ಲೆಂಡಿನ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದರು. ಸೆಪ್ಟಿನ್ ಇಲ್ಲದಂತೆ ಮಾಡಿದ ಶಿಲೀಂಧ್ರಕ್ಕೆ ಎಲೆಯನ್ನು ತೂರಲು ಆಗಲಿಲ್ಲ. ಉಬ್ಬಿ ನಿಂತ ಕೋಶ ಈ ಬಳೆಯ ನಡುವಿನಿಂದ ಮತ್ತೆ ನೀಳ ಬೆಳವಣಿಗೆಗೆ ಹೊರಳಿ, ಸೂಜಿಯಂಥ ಎಳೆಯನ್ನು ಎಲೆಯೊಳಕ್ಕೆ ಇಳಿಸುತ್ತದೆ. ಬೀಜಾಣು ಬಿದ್ದಾಗಿನಿಂದ ಇಲ್ಲಿಯವರೆಗೆ ಸುಮಾರು ಒಂದು ದಿನ ಸಾಕು.

ಆಮೇಲೆ ಹಲವು ದಿನ ಹೊರಗೆ ಏನೂ ಕಾಣಿಸುವುದಿಲ್ಲ. ಗದ್ದೆ ಹಸಿರಾಗಿರುತ್ತದೆ, ರೈತ ನೆಮ್ಮದಿಯಾಗಿರುತ್ತಾನೆ. ಒಳಗೆ ಎಳೆ ಕೋಶದಿಂದ ಕೋಶಕ್ಕೆ ನುಗ್ಗುತ್ತಿರುತ್ತದೆ. ಬಳಿಕ ಕದಿರಿನ ಆಕಾರದ, ನಡುವೆ ಬೂದು, ಅಂಚಿಗೆ ಕಂದು ಬಣ್ಣದ ಮಚ್ಚೆ ಏಳುತ್ತದೆ. ಒಂದೊಂದು ಮಚ್ಚೆಯಿಂದ ರಾತ್ರಿ ರಾತ್ರಿ ಸಾವಿರಾರು ಬೀಜಾಣುಗಳು ಹಾರುತ್ತವೆ.

ಔಷಧಿ ಎಲ್ಲಿ ಪೆಟ್ಟು ಕೊಡುತ್ತದೆ?

ಇಷ್ಟು ತಿಳಿದರೆ ಔಷಧಿಗಳ ಕೆಲಸವೂ ಸ್ಪಷ್ಟವಾಗುತ್ತದೆ. ಟ್ರೈಸೈಕ್ಲಜೋಲ್ ಬೀಜಾಣುವನ್ನು ಕೊಲ್ಲುವುದಿಲ್ಲ. ಅದು ಮೊಳೆಯುವುದನ್ನೂ ತಡೆಯುವುದಿಲ್ಲ, ಒತ್ತುಬಿಲ್ಲೆ ಆಗುವುದನ್ನೂ ತಡೆಯುವುದಿಲ್ಲ. ಅದು ತಡೆಯುವುದು ಮೆಲನಿನ್ ತಯಾರಿಕೆಯನ್ನು. ಕಪ್ಪು ಲೇಪವಿಲ್ಲದ ಬಿಲ್ಲೆಯಲ್ಲಿ ಒತ್ತಡ ನಿಲ್ಲುವುದಿಲ್ಲ, ತೂತಾದ ಟ್ಯೂಬಿನಂತೆ ಸೋರುತ್ತದೆ. ಶಿಲೀಂಧ್ರ ಎಲೆಯ ಮೇಲೆಯೇ ಬಂಡವಾಳ ಕಳೆದುಕೊಂಡು ನಾಶವಾಗುತ್ತದೆ. ಆದರೆ ಒಳಗೆ ಹೊಕ್ಕ ಮೇಲೆ ಎಳೆಗೆ ಮೆಲನಿನ್ ಬೇಕಿಲ್ಲ. ಮೆಲನಿನ್ ಇಲ್ಲದ ಬಿಳಿ ಶಿಲೀಂಧ್ರವೂ ಗಾಯವಾದ ಎಲೆಯ ಮೂಲಕ ಒಳಗೆ ಹೋಗಿ ರೋಗ ತರಬಲ್ಲದು ಎಂದು ಪ್ರಯೋಗದಲ್ಲಿ ಕಂಡಿದೆ. ಆದ್ದರಿಂದ ಈ ಔಷಧಿಯನ್ನು ಗದ್ದೆಯೆಲ್ಲ ಮಚ್ಚೆಯಾದ ಮೇಲೆ ಹೊಡೆದರೆ ಆದ ಹಾನಿ ಹಿಂದಿರುಗುವುದಿಲ್ಲ. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಮುಚ್ಚಿದಂತೆ. ಪ್ರಾರಂಭದಲ್ಲಿ ಇಬ್ಬರು ರೈತರ ಮಾತು ಬಂತಲ್ಲ, ಅದರ ಉತ್ತರ ಇದೇ.

ಕಾರ್ಬೆಂಡಜಿಮ್ ಪೆಟ್ಟು ಕೊಡುವುದು ಸೂಕ್ಷ್ಮನಾಳಗಳೆಂಬ ಹೆದ್ದಾರಿಗೆ. ಇದರಿಂದ ಕೋಶಕೇಂದ್ರ ಒಡೆಯುವುದು ನಿಲ್ಲುತ್ತದೆ, ತುದಿಗೆ ಸಾಗುವ ಸರಬರಾಜೂ ಕೆಡುತ್ತದೆ. ಕವಚ ಅಂಗಮಾರಿ ರೋಗಕ್ಕೆ ಬಳಸುವ ವ್ಯಾಲಿಡಮೈಸಿನ್ ಇನ್ನೊಂದು ಬಗೆ. ಅದು ಟ್ರೆಹಲೋಸ್ ಎಂಬ ಸಕ್ಕರೆಯನ್ನು ಒಡೆಯುವ ಕಿಣ್ವವನ್ನು ತಡೆಯುತ್ತದೆ. ರೈಜೋಕ್ಟೋನಿಯ ಶಿಲೀಂಧ್ರದ ಎಳೆ ನೇರ ಓಡುವುದನ್ನು ಬಿಟ್ಟು, ತುದಿಯ ಬಳಿ ಒತ್ತೊತ್ತಾಗಿ ಕವಲೊಡೆದು ಅಲ್ಲೇ ನಿಲ್ಲುತ್ತದೆ. ಜಪಾನಿನಲ್ಲಿ ಬಳಕೆಗೆ ಬಂದ ಪಾಲಿಯಾಕ್ಸಿನ್ ಕೈಟಿನ್ ನೇಯುವ ಕಿಣ್ವಕ್ಕೇ ಅಡ್ಡ ಬಂದು, ತುದಿಯನ್ನು ಉಬ್ಬಿಸಿ ಒಡೆಯುತ್ತದೆ.

ಅಡಿಕೆಯ ಕೊಳೆರೋಗದ ವಿಷಯ ಮಾತ್ರ ಬೇರೆ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ 1910ರಲ್ಲಿಯೇ ಈ ರೋಗದ ಬಗ್ಗೆ ವಿವರವಾಗಿ ಬರೆದರು. ಇದನ್ನು ತರುವ ಫೈಟಾಫ್ತೊರಾ ಕೂಡ ಎಳೆಯ ರೂಪದಲ್ಲಿದ್ದು ತುದಿಯಲ್ಲೇ ಬೆಳೆಯುತ್ತದೆ. ಆದರೆ ಅದು ನಿಜವಾದ ಶಿಲೀಂಧ್ರವಲ್ಲ ಎಂದು ಈಗ ಗೊತ್ತಾಗಿದೆ. ಅದರ ಗೋಡೆ ಮುಖ್ಯವಾಗಿ ಗ್ಲೂಕಾನ್ ಮತ್ತು ಸೆಲ್ಯುಲೋಸಿನದು, ವಂಶ ಕಂದು ಪಾಚಿಗಳ ಕಡೆಯದು. ಹೀಗಾಗಿ ಬೆಂಕಿ ರೋಗದ ಔಷಧಿ ಮಿಕ್ಕಿತೆಂದು ಅಡಿಕೆಗೆ ಹೊಡೆದರೆ ಪ್ರಯೋಜನವಿಲ್ಲ. ಮಳೆಗೆ ಮೊದಲೇ ಗೊನೆಗಳಿಗೆ ಶೇಕಡ 1ರ ಬೋರ್ಡೋ ದ್ರಾವಣ ಬೀಳಬೇಕು.

ಒಂದೇ ಔಷಧಿಯನ್ನು ನಂಬಿ ಕೂರಬಾರದು

ಒಂದೇ ಕಡೆ ಪೆಟ್ಟು ಕೊಡುವ ಔಷಧಿಗೆ ಶಿಲೀಂಧ್ರ ಬೇಗ ಒಗ್ಗಿಕೊಳ್ಳುತ್ತದೆ. ಕಾರ್ಬೆಂಡಜಿಮ್ ವರ್ಗದ ಬೆನೊಮಿಲ್ ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ, 1971ರಲ್ಲಿ, ಹಾಲೆಂಡಿನ ಹೂಗಿಡಗಳ ಬೂದು ಬೂಷ್ಟಿನಲ್ಲಿ ಅದಕ್ಕೆ ಬಗ್ಗದ ತಳಿ ಕಂಡುಬಂತು. ಸೂಕ್ಷ್ಮನಾಳದ ಸಸಾರಜನಕದಲ್ಲಿ ಒಂದು ಕೊಂಡಿ ಬದಲಾದರೆ ಸಾಕು, ಔಷಧಿಗೆ ಹಿಡಿತ ಸಿಗುವುದಿಲ್ಲ. ಮೆಲನಿನ್ ತಯಾರಿಕೆಯ ಇನ್ನೊಂದು ಹಂತವನ್ನು ತಡೆಯುವ ಕಾರ್ಪ್ರೊಪಮಿಡ್ ಜಪಾನಿನಲ್ಲಿ 1998ರಲ್ಲಿ ಬಳಕೆಗೆ ಬಂತು. 2001ರಲ್ಲಿ ಸಾಗ ಪ್ರಾಂತದ ಗದ್ದೆಗಳಲ್ಲಿ ಅದಕ್ಕೆ ಜಗ್ಗದ ಬೆಂಕಿ ರೋಗ ಕಾಣಿಸಿಕೊಂಡಿತು. ಆದ್ದರಿಂದ ಒಂದೇ ಹಂಗಾಮಿನಲ್ಲಿ ಒಂದೇ ವರ್ಗದ ಔಷಧಿಯನ್ನು ಮೇಲಿಂದ ಮೇಲೆ ಹೊಡೆಯಬಾರದು.

ಔಷಧಿಯ ಶೇಷಾಂಶದ ಪ್ರಶ್ನೆಯೂ ಇದೆ. ಯೂರೋಪ್ ಒಕ್ಕೂಟವು 2017ರಲ್ಲಿ ಒಂದು ಕಿಲೋ ಅಕ್ಕಿಯಲ್ಲಿ ಇರಬಹುದಾದ ಟ್ರೈಸೈಕ್ಲಜೋಲ್ ಮಿತಿಯನ್ನು 1 ಮಿಲಿಗ್ರಾಂನಿಂದ 0.01 ಮಿಲಿಗ್ರಾಂಗೆ ಇಳಿಸಿತು. ಭಾರತದ ಬಾಸುಮತಿ ರಫ್ತಿಗೆ ಇದರಿಂದ ತೊಂದರೆಯಾಯಿತು. ಔಷಧಿಗಳ ಮೇಲಿನ ನಿಯಮ ಆಗಾಗ್ಗೆ ಬದಲಾಗುವುದರಿಂದ, ಯಾವ ಔಷಧಿ, ಎಷ್ಟು ಪ್ರಮಾಣ, ಕೊಯ್ಲಿಗೆ ಎಷ್ಟು ದಿನ ಮೊದಲು ಎಂಬುದನ್ನು ಆಯಾ ಹಂಗಾಮಿನಲ್ಲಿ ರೈತ ಸಂಪರ್ಕ ಕೇಂದ್ರದಲ್ಲಿಯೋ ಕೃಷಿ ವಿಜ್ಞಾನ ಕೇಂದ್ರದಲ್ಲಿಯೋ ಕೇಳಿ, ಲೇಬಲ್ ಓದಿ ಬಳಸುವುದು ಕ್ಷೇಮ.

ಗದ್ದೆಯಲ್ಲಿ ಮಾಡಬೇಕಾದದ್ದು

ಮೇಲಿನ ವಿಷಯಗಳಿಂದ ರೈತರು ತೆಗೆದುಕೊಳ್ಳಬೇಕಾದ ಕ್ರಮಗಳು ಹೀಗಿವೆ:

1. ರೋಗ ನಿರೋಧಕ ತಳಿಗೆ ಮೊದಲ ಸ್ಥಾನ. ರಾಗಿಯಲ್ಲಿ ಜಿ.ಪಿ.ಯು. 28 ಬೆಂಕಿ ರೋಗವನ್ನು ಚೆನ್ನಾಗಿ ತಡೆದುಕೊಳ್ಳುವ ತಳಿ. ಭತ್ತದಲ್ಲಿ ಕೊಡಗಿನ ಪೊನ್ನಂಪೇಟೆಯಂಥ, ರೋಗ ಹೆಚ್ಚಾಗಿ ಬರುವ ಸ್ಥಳಗಳಲ್ಲಿ ತಳಿಗಳನ್ನು ಪರೀಕ್ಷಿಸುತ್ತಾರೆ. ಅಲ್ಲಿ ನಿಂತ ತಳಿಗೆ ಬೆಲೆ ಹೆಚ್ಚು.

2. ಸಾರಜನಕ ಗೊಬ್ಬರವನ್ನು ಒಂದೇ ಸಲ ಸುರಿಯಬಾರದು. ಕಡು ಹಸಿರಾಗಿ ಸೊಕ್ಕಿದ ಪೈರು ಬೆಂಕಿ ರೋಗಕ್ಕೆ ಬೇಗ ತುತ್ತಾಗುತ್ತದೆ. ಶಿಫಾರಸಿನ ಪ್ರಮಾಣವನ್ನು ಎರಡು ಮೂರು ಕಂತುಗಳಲ್ಲಿ ಕೊಡಬೇಕು. ರೋಗ ಕಂಡಾಗ ಯೂರಿಯ ಮೇಲುಗೊಬ್ಬರವನ್ನು ಮುಂದೂಡಬೇಕು.

3. ಸಿಲಿಕಾನ್ ಅಂಶ ಎಲೆಯ ಮೇಲ್ಮೈಯನ್ನು ಗಟ್ಟಿ ಮಾಡುತ್ತದೆ. ಭತ್ತದ ಹೊಟ್ಟಿನ ಬೂದಿಯಲ್ಲಿ ಇದು ಧಾರಾಳವಾಗಿದೆ. ಬೂದಿಯನ್ನು ತಿಪ್ಪೆಯ ಪಕ್ಕ ಎಸೆಯದೆ ಗದ್ದೆಗೆ ಹಾಕಬೇಕು.

4. ಬೀಜೋಪಚಾರ ಮಾಡಬೇಕು, ಬದುಗಳ ಹುಲ್ಲು ಕಳೆಗಳನ್ನು ತೆಗೆಯಬೇಕು. ಗದ್ದೆಯಲ್ಲಿ ನೀರಿನ ಕೊರತೆಯಾಗದಂತೆ ನೋಡಿಕೊಳ್ಳಬೇಕು.

5. ಹವೆಯ ಮೇಲೆ ಕಣ್ಣಿರಲಿ. ಮೋಡ ಕವಿದ ದಿನ, ತಂಪು ರಾತ್ರಿ, ಬೆಳಿಗ್ಗೆ ಬಹಳ ಹೊತ್ತಿನವರೆಗೆ ಆರದ ಇಬ್ಬನಿ ಒಟ್ಟಿಗೆ ಬಂದರೆ ಒತ್ತುಬಿಲ್ಲೆಗೆ ಹಬ್ಬ. ಇಂಥ ಹವೆ ಮುಂದುವರಿಯುವ ಸೂಚನೆ ಇದ್ದರೆ, ಮೊದಲ ಮಚ್ಚೆಗಳು ಕಂಡ ಕೂಡಲೇ ಸಿಂಪಡಿಸಬೇಕು. ಮಚ್ಚೆ ಎಣಿಸಲಾಗದಷ್ಟು ಆಗುವವರೆಗೆ ಕಾಯಬಾರದು.

6. ಕುತ್ತಿಗೆ ಬೆಂಕಿ ಎಲ್ಲಕ್ಕಿಂತ ಹೆಚ್ಚು ನಷ್ಟ ತರುತ್ತದೆ. ತೆನೆಯ ಕುತ್ತಿಗೆ ಕಪ್ಪಾದ ಮೇಲೆ ಕಾಳು ತುಂಬುವುದಿಲ್ಲ. ರೋಗ ಬರುವ ಪ್ರದೇಶದಲ್ಲಿ ತೆನೆ ಹೊರಡುವ ಸಮಯಕ್ಕೇ ರಕ್ಷಣೆ ಇರಬೇಕು.

ವಿಸ್ತರಣಾ ಕಾರ್ಯಕರ್ತರು ಒಂದು ವಿಷಯಕ್ಕೆ ವಿಶೇಷ ಗಮನ ಕೊಡಬೇಕು. ಹಳ್ಳಿಯಲ್ಲಿ ಮೊದಲ ಮಚ್ಚೆ ಕಂಡ ಗದ್ದೆಯ ಸುದ್ದಿ ಅದೇ ದಿನ ಉಳಿದವರಿಗೆ ಮುಟ್ಟಬೇಕು. ಒಂದು ವಾರ ತಡವಾಗಿ ಬರುವ ಒಳ್ಳೆಯ ಸಲಹೆಗಿಂತ ಅಂದೇ ಬರುವ ಸಾಧಾರಣ ಸಲಹೆ ಮೇಲು.

ಇದೇ ಶಿಲೀಂಧ್ರದ ಇನ್ನೊಂದು ತಳಿ 1985ರಲ್ಲಿ ಬ್ರೆಜಿಲ್ ದೇಶದ ಗೋಧಿಯಲ್ಲಿ ಕಾಣಿಸಿಕೊಂಡಿತು. 2016ರಲ್ಲಿ ಅದು ಬಾಂಗ್ಲಾದೇಶಕ್ಕೆ ಬಂದು ಸುಮಾರು 15,000 ಹೆಕ್ಟೇರ್ ಗೋಧಿಗೆ ಹಾನಿ ಮಾಡಿತು. ಬೆಂಕಿ ರೋಗ ಭತ್ತಕ್ಕೆ, ರಾಗಿಗೆ ಮಾತ್ರ ಎಂದು ಯಾರೂ ನಿಶ್ಚಿಂತರಾಗಿರುವಂತಿಲ್ಲ.

ಉಪಕಾರಿ ಎಳೆಗಳು

ತುದಿಯಲ್ಲಿ ಬೆಳೆಯುವ ಎಳೆಗಳೆಲ್ಲ ಶತ್ರುಗಳಲ್ಲ. ಟ್ರೈಕೋಡರ್ಮ ಎಂಬ ಶಿಲೀಂಧ್ರದ ಎಳೆ ಮಣ್ಣಿನಲ್ಲಿ ರೋಗಕಾರಕ ಎಳೆಯ ಕಡೆಗೆ ಬೆಳೆದು, ಬಳ್ಳಿ ಮರಕ್ಕೆ ಸುತ್ತಿದಂತೆ ಸುತ್ತಿಕೊಂಡು, ಕೈಟಿನ್ ಮತ್ತು ಗ್ಲೂಕಾನ್ ಕರಗಿಸುವ ಕಿಣ್ವಗಳಿಂದ ಅದರ ಗೋಡೆಯನ್ನು ಕರಗಿಸುತ್ತದೆ. ಒಂದು ಕಿಲೋ ಟ್ರೈಕೋಡರ್ಮ ಪುಡಿಯನ್ನು 100 ಕಿಲೋ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ನೆರಳಿನಲ್ಲಿ ತೇವ ಆರದಂತೆ ಒಂದೆರಡು ವಾರ ಇಟ್ಟು ಹೊಲಕ್ಕೆ ಹಾಕಬಹುದು. ಆದರೆ ಕಾರ್ಬೆಂಡಜಿಮ್ ಉಪಚಾರ ಮಾಡಿದ ಬೀಜಕ್ಕೆ ಟ್ರೈಕೋಡರ್ಮ ಲೇಪಿಸಬಾರದು. ಹೆದ್ದಾರಿ ಕೆಡಿಸುವ ಔಷಧಿಗೆ ಮಿತ್ರನೂ ಶತ್ರುವೂ ಒಂದೇ.

ಬೇರಿಗೆ ರಂಜಕ ತಂದುಕೊಡುವ ಮೈಕೊರೈಜ ಶಿಲೀಂಧ್ರವೂ ಇಂಥ ಮಿತ್ರ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಾ. ಡಿ.ಜೆ. ಭಾಗ್ಯರಾಜ್ ಅವರು ಇದರ ಮೇಲೆ ಬಹುಕಾಲ ಸಂಶೋಧನೆ ನಡೆಸಿದರು. ಗಿಡದ ಬೇರಿನಿಂದ ಸ್ಟ್ರೈಗೊಲ್ಯಾಕ್ಟೋನ್ ಎಂಬ ರಸ ಒಸರುತ್ತದೆ, ಅದು ತಾಗಿದ ಮೈಕೊರೈಜ ಎಳೆ ಕವಲು ಕವಲಾಗಿ ಒಡೆದು ಬೇರನ್ನು ಹುಡುಕುತ್ತದೆ ಎಂದು 2005ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ಜೋಳದ ಬೇರಿಗೆ ಅಂಟುವ ಸ್ಟ್ರೈಗ ಕಳೆಯ ಬೀಜವೂ ಇದೇ ರಸದ ಸುಳಿವು ಹಿಡಿದು ಮೊಳೆಯುತ್ತದೆ. ಗಿಡ ಮಿತ್ರನನ್ನು ಕೂಗಿದರೆ ಕಳ್ಳನಿಗೂ ಕೇಳಿಸುತ್ತದೆ.

ಮುಕ್ತಾಯ

ರೈತ ಬಾಂಧವರೇ, ಶಿಲೀಂಧ್ರದ ಶಕ್ತಿಯೆಲ್ಲ ಅದರ ತುದಿಯಲ್ಲಿದೆ. ಅದರ ದೌರ್ಬಲ್ಯವೂ ಅಲ್ಲಿಯೇ ಇದೆ. ಬೀಜಾಣು ಎಲೆಗೆ ಅಂಟಿ, ಮೊಳೆತು, ಉಬ್ಬಿ, ಒಳಗೆ ತೂರುವ ಆ ಒಂದು ದಿನದಲ್ಲಿ ಅದರ ಕೈಯಲ್ಲಿರುವುದು ಬೀಜಾಣುವಿನೊಳಗೆ ಕಟ್ಟಿಕೊಂಡು ಬಂದ ಬುತ್ತಿ ಮಾತ್ರ. ಆ ದಿನ ಎಲೆಯ ಮೇಲೆ ರಕ್ಷಣೆ ಇದ್ದರೆ ಪೈರು ಉಳಿಯುತ್ತದೆ. ಆ ದಿನ ತಪ್ಪಿದರೆ ಶಿಲೀಂಧ್ರಕ್ಕೆ ಇಡೀ ಗದ್ದೆಯೇ ಉಗ್ರಾಣ. ಆದ್ದರಿಂದ ಬೆಳಿಗ್ಗೆ ಇಬ್ಬನಿ ಆರುವ ಮೊದಲೇ ಒಮ್ಮೆ ಗದ್ದೆಯ ಬದುವಿನ ಮೇಲೆ ನಡೆದು, ಎಲೆಗಳನ್ನು ತಿರುವಿ ನೋಡುವುದನ್ನು ರೈತರು ರೂಢಿ ಮಾಡಿಕೊಳ್ಳಬೇಕು.